ಹಲಸಿನ ಹಲಗೆಯ ಬಂಗುಡೆಗೆ ಬಣ್ಣ: ನೀಲಿ ಯಾಕೆ ಹಸಿರಾಯ್ತು?

ಕೆತ್ತನೆ ಚೆನ್ನಾಗಿ ಬಂದಿದೆ ಸರ್, ಅದರಲ್ಲೂ ಅಲೆ ಮಗುಚಿ ಬೀಳುವ ಜಾಗ. ನೀವು ಕೇಳಿದ್ದು ಎರಡು: ಹಲಸಿನ ಹಲಗೆಯಲ್ಲಿ ಕೆತ್ತಿದ ಬಂಗುಡೆ ಮೀನಿನ ಹಿಂಡಿಗೆ ಹಚ್ಚಿದ ನೀಲಿ ಯಾಕೆ ಹಸಿರಾಯ್ತು, ಚನ್ನಪಟ್ಟಣದ ಗೊಂಬೆಯ ಹೊಳಪು ಇದಕ್ಕೂ ಬರುತ್ತದಾ ಅಂತ.

ಚನ್ನಪಟ್ಟಣದ ಹೊಳಪಿನ ಆಸೆ ಬಿಡಿ. ಅಲ್ಲಿ ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ರೆಕ್ಕೆ, ಬಾಲ, ಅಲೆ ಇರುವ ಹಲಗೆಯನ್ನು ಲೇತಿಗೆ ಹಾಕೋದು ಹೇಗೆ?

ಇನ್ನು ನೀಲಿ. ಹಲಸಿನ ಮರದಲ್ಲೇ ಹಳದಿ ಬಣ್ಣ ಇದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಇದರ ಚಕ್ಕೆ ಕುದಿಸಿಯೇ ಬಣ್ಣ ಕಟ್ಟುತ್ತಿದ್ದರು. ತೆಳು ನೀಲಿಯ ಅಡಿಯಿಂದ ಆ ಹಳದಿ ಕಾಣುತ್ತದೆ, ಹಸಿರಾಗುತ್ತದೆ. ಬಿಸಿಲು ಬಿದ್ದರೆ ಮರವೂ ಕಂದಾಗುತ್ತಾ ಹೋಗುತ್ತದೆ.

ನನ್ನ ಕೇಳಿದರೆ ಮೀನಿನ ಬೆನ್ನಿನ ಹಸಿರು ಹಾಗೇ ಇರಲಿ. ಬಂಗುಡೆ ಬೆನ್ನು ಇರೋದೇ ನೀಲಿ-ಹಸಿರು. ತಾಜಾ ಮೀನಿನ ಬೆನ್ನಿನುದ್ದಕ್ಕೂ ಓಡುವ ಸಣ್ಣ ಪಟ್ಟೆಗಳು ಚಿನ್ನದ ಬಣ್ಣ ಇರುತ್ತವೆ, ಆಮೇಲೆ ಕಪ್ಪಾಗುತ್ತವೆ. ಬಣ್ಣ ಪೂರ್ತಿ ಒಣಗಿದ ಮೇಲೆ ವಿ ಆಕಾರದ ಸಣ್ಣ ಉಳಿಯಲ್ಲಿ ಆ ಗೆರೆ ಎಳೆಯಿರಿ. ಒಳಗಿನ ಹಳದಿ ಮರವೇ ಚಿನ್ನದ ಪಟ್ಟೆ ಆಗುತ್ತದೆ, ಬೇರೆ ಬಣ್ಣ ಬೇಡ. ಪಕ್ಕದ ರೆಕ್ಕೆಯ ಕೆಳ ಅಂಚಿನ ಹತ್ತಿರ ಒಂದು ಕಪ್ಪು ಚುಕ್ಕೆ ಇರುತ್ತದೆ, ಮರೀಬೇಡಿ. ಹೊಟ್ಟೆಗೆ ಸಿಲ್ವರ್ ಪೇಂಟ್ ಮಾತ್ರ ಬೇಡವೇ ಬೇಡ, ಕಾಂಪೌಂಡ್ ಗೇಟ್ ತರ ಕಾಣುತ್ತದೆ. ಬಿಳಿಗೆ ಒಂದು ಹನಿ ಕಪ್ಪು ಸೇರಿಸಿದರೆ ಸಾಕು.

ಅಲೆಗೆ ನಿಜವಾದ ನೀಲಿ ಬೇಕಲ್ವಾ? ಮರದ ಹಳದಿ ಮೇಲೆ ಬರದಂತೆ ಆ ಭಾಗಕ್ಕೆ ಮೊದಲು ಮೇಣ ತೆಗೆದ ಶೆಲಾಕ್ (ಸ್ಪಿರಿಟ್‌ನಲ್ಲಿ ಕರಗಿಸುವ ಅರಗು) ತೆಳ್ಳಗೆ ಎರಡು ಕೋಟ್ ಕೊಡಿ. 100 ಮಿಲಿ ಸ್ಪಿರಿಟ್‌ಗೆ 12 ಗ್ರಾಂ ಶೆಲಾಕ್ ಚಕ್ಕೆ, ರಾತ್ರಿಯಿಡೀ ನೆನೆಯಲಿ. ಬ್ರಷ್ ಒಂದೇ ಸಲ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಸ್ಪಿರಿಟ್ಟು ಹಳದಿಯನ್ನು ಎಬ್ಬಿಸುತ್ತದೆ. ಮೇಲೆ ಬಿಳಿ ಅಕ್ರಿಲಿಕ್, ಅದು ಒಣಗಿದ ಮೇಲೆ ನೀಲಿ. ಗಟ್ಟಿ ಬಣ್ಣದಲ್ಲೂ ಕೆತ್ತನೆ ಎದ್ದು ಕಾಣುತ್ತದೆ, ಉಡುಪಿ ಜಿಲ್ಲೆಯ ಮೆಕ್ಕೆಕಟ್ಟು ದೇವಸ್ಥಾನದ ಕೆಂಪು ಉರುಗಳನ್ನೇ (ಮರದ ಮೂರ್ತಿಗಳನ್ನೇ) ನೋಡಿ.

ಹಲಗೆಯ ಹಿಂಭಾಗಕ್ಕೂ ಅಷ್ಟೇ ಕೋಟ್ ವಾರ್ನಿಶ್ ಹೊಡೆಯಿರಿ. ಮುಂದೆ ಮಾತ್ರ ಹಚ್ಚಿದರೆ ಮಳೆಗಾಲದ ತೇವಕ್ಕೆ ಹಲಗೆ ಬಾಗುತ್ತದೆ. ಮನೆ ಕಡಲ ಹತ್ತಿರ ಅಂದಿದ್ದೀರಿ, ತೂಗುಹಾಕಲು ಸ್ಟೇನ್‌ಲೆಸ್ ಸ್ಕ್ರೂ ತಗೊಳ್ಳಿ.