ಬರೆದಿಟ್ಟ ಕಥೆಗಳನ್ನು ಪತ್ರಿಕೆಗೆ ಕಳಿಸಲಾ, ಸ್ಪರ್ಧೆಗೆ ಕಳಿಸಲಾ?

ನೀವು ಕೇಳಿದ್ದು ಇಷ್ಟು: ಆರೇಳು ಕಥೆ ಬರೆದಿಟ್ಟಿದ್ದೀರಿ, ಎಲ್ಲಿಗೆ ಕಳಿಸಬೇಕು ಗೊತ್ತಾಗುತ್ತಿಲ್ಲ. ಒಂದನ್ನು ವಾರಪತ್ರಿಕೆಗೆ ಕಳಿಸಿ ನಾಲ್ಕು ತಿಂಗಳಾಯಿತು, ಉತ್ತರ ಇಲ್ಲ. ಅದನ್ನೇ ಈಗ ಸ್ಪರ್ಧೆಗೆ ಕಳಿಸಬಹುದಾ? ಇನ್ನೊಂದು ಕಥೆ ಆರು ಸಾವಿರ ಪದ ದಾಟಿದೆ, ಅದನ್ನೇನು ಮಾಡುವುದು?

ನಾನು ಕೆಲವು ವರ್ಷಗಳಿಂದ ಕಥೆ ಬರೆದು ಕಳಿಸುತ್ತಾ ಬಂದಿದ್ದೇನೆ. ಒಂದು ಸ್ಪರ್ಧೆಯ ಮೊದಲ ಸುತ್ತಿನ ಓದಿಗೂ ಕೂತಿದ್ದೆ. ಹಾಗಾಗಿ ಮೇಜಿನ ಎರಡೂ ಕಡೆಯಿಂದ ಸ್ವಲ್ಪ ಹೇಳಬಲ್ಲೆ.

ಮೊದಲು ಆ ನಾಲ್ಕು ತಿಂಗಳ ವಿಷಯ. ಕನ್ನಡ ಪತ್ರಿಕೆಗಳಲ್ಲಿ ಉತ್ತರ ಬರದೇ ಇರುವುದು ತೀರಾ ಮಾಮೂಲು. ಇದನ್ನು ಅವಮಾನ ಅಂದುಕೊಳ್ಳಬೇಡಿ. ಅಂಚೆಯ ಕಾಲದಲ್ಲಿ ಸ್ಟಾಂಪ್ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕಳಿಸುತ್ತಿದ್ದರು, ಕಥೆ ಬೇಡವಾದರೆ ಒಂದು ವಿಷಾದ ಪತ್ರದ ಜೊತೆ ವಾಪಸ್ ಬರುತ್ತಿತ್ತು. ಇಮೇಲ್ ಬಂದ ಮೇಲೆ ಕಳಿಸುವವರು ಜಾಸ್ತಿಯಾದರು, ವಿಷಾದ ಪತ್ರ ಹೆಚ್ಚುಕಡಿಮೆ ಮಾಯವಾಯಿತು. ಕಥೆ ನೋಡುವ ಉಪಸಂಪಾದಕರ ಮೇಲೇ ಪುಸ್ತಕ ವಿಮರ್ಶೆ, ಓದುಗರ ಪತ್ರ, ಮಕ್ಕಳ ಪುಟ ಎಲ್ಲ ಬಿದ್ದಿರುತ್ತದೆ. ಆಯ್ಕೆಯಾದ ಕಥೆಗೂ ಕೆಲವೊಮ್ಮೆ ತಿಳಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಯಾರೋ ಪರಿಚಯದವರು ಫೋನ್ ಮಾಡಿ ‘ಪೇಪರಲ್ಲಿ ನಿಮ್ಮ ಕಥೆ ಬಂದಿದೆಯಲ್ಲ’ ಅಂದಾಗಲೇ ಬರೆದವರಿಗೂ ಗೊತ್ತಾಗುವುದು.

ನಾನು ಮಾಡುವುದು ಹೀಗೆ. ಮೂರು ತಿಂಗಳು ಸುಮ್ನೆ ಇರುತ್ತೇನೆ. ಆಮೇಲೆ ಎರಡು ಸಾಲಿನ ಮೇಲ್: ‘ಇಂಥ ದಿನ ಕಳಿಸಿದ ಈ ಹೆಸರಿನ ಕಥೆ ಪರಿಶೀಲನೆಯಲ್ಲಿದೆಯೇ ದಯವಿಟ್ಟು ತಿಳಿಸಿ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಕಥೆಯನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ತಿಳಿಯಬೇಕು.’ ಹದಿನೈದು ದಿನ ಕಳೆದ ಮೇಲೆ, ಹಿಂದಕ್ಕೆ ಪಡೆದಿದ್ದೇನೆ ಎಂದು ಇನ್ನೊಂದು ಸಾಲು ಬರೆದು, ಆಮೇಲೆ ಬೇರೆ ಕಡೆ ಕಳಿಸುತ್ತೇನೆ. ಈ ಕೊನೆಯ ಮೇಲ್ ತಪ್ಪಿಸಬೇಡಿ. ಸ್ಪರ್ಧೆಯ ಫಲಿತಾಂಶ ಬರುವ ಮೊದಲೇ ವಾರಪತ್ರಿಕೆಯವರು ಕಥೆ ಅಚ್ಚು ಹಾಕಿಬಿಟ್ಟರೆ ಬಹುಮಾನ ಹೋಗುತ್ತದೆ, ಯಾಕೆಂದರೆ ಕಥೆ ಅಪ್ರಕಟಿತವಾಗಿರಬೇಕು ಎಂಬ ನಿಯಮ ಹೆಚ್ಚುಕಡಿಮೆ ಎಲ್ಲ ಸ್ಪರ್ಧೆಗಳಲ್ಲೂ ಇರುತ್ತದೆ. ಎರಡು ಪತ್ರಿಕೆಯಲ್ಲಿ ಒಂದೇ ಕಥೆ ಬಂದರೆ ಇನ್ನೂ ಕಷ್ಟ. ಇಬ್ಬರು ಸಂಪಾದಕರೂ ನಿಮ್ಮ ಹೆಸರನ್ನು ಚೆನ್ನಾಗಿಯೇ ನೆನಪಿಟ್ಟುಕೊಳ್ಳುತ್ತಾರೆ! ಒಂದು ಸಲಕ್ಕೆ ಒಂದೇ ಜಾಗ. ಫೋನ್ ಮಾಡಿ ಕೇಳುವುದಂತೂ ಬೇಡವೇ ಬೇಡ.

ಎಲ್ಲಿಗೆ ಕಳಿಸಬೇಕು ಅನ್ನುವುದಕ್ಕೆ ಹೆಸರುಗಳ ಪಟ್ಟಿ ಯಾರು ಬೇಕಾದರೂ ಕೊಡುತ್ತಾರೆ. ವಾರಪತ್ರಿಕೆಗಳಲ್ಲಿ 1965ರಿಂದ ಬರುತ್ತಿರುವ ಸುಧಾ, ಆಮೇಲೆ ತರಂಗ, ಕರ್ಮವೀರ. ಮಾಸಿಕಗಳಲ್ಲಿ ಮಯೂರ, ತುಷಾರ, ಕಸ್ತೂರಿ, ನವಕರ್ನಾಟಕದವರ ಹೊಸತು. ದಿನಪತ್ರಿಕೆಗಳ ಭಾನುವಾರದ ಪುರವಣಿಗಳು. ಜಾಲದಲ್ಲಿ ಅವಧಿ, ಕೆಂಡಸಂಪಿಗೆ. ಆದರೆ ಪಟ್ಟಿ ಇಟ್ಟುಕೊಂಡು ಎಲ್ಲರಿಗೂ ಸಾಲಾಗಿ ಕಳಿಸಿದರೆ ಏನೂ ಆಗುವುದಿಲ್ಲ. ಪತ್ರಿಕೆಯ ಅಂಗಡಿಗೆ ಹೋಗಿ ಈ ತಿಂಗಳ ಸಂಚಿಕೆ ಸಿಗುತ್ತದಾ ನೋಡಿ. ನಿಂತುಹೋದ ಪತ್ರಿಕೆಗಳ ವಿಳಾಸ ಇನ್ನೂ ಹಳೆಯ ಪಟ್ಟಿಗಳಲ್ಲಿ ಓಡಾಡುತ್ತಿರುತ್ತದೆ. ಸಿಕ್ಕರೆ ಕೊಂಡು, ಹಿಂದಿನ ನಾಲ್ಕು ಸಂಚಿಕೆಗಳನ್ನು ಲೈಬ್ರರಿಯಲ್ಲಿ ತೆಗೆದು, ಅವುಗಳಲ್ಲಿನ ಕಥೆಯ ಪದ ಎಣಿಸಿ. ಒಂದು ಸಾಲಿಗೆ ಎಷ್ಟು ಪದ, ಒಂದು ಕಾಲಂಗೆ ಎಷ್ಟು ಸಾಲು, ಅಷ್ಟೇ ಲೆಕ್ಕ. ಅರ್ಧ ಗಂಟೆ ಹಿಡಿಯುತ್ತದೆ, ಆದರೆ ಯಾವ ಸಲಹೆಗಿಂತಲೂ ಇದು ಮೇಲು. ಪುರವಣಿಯ ಪುಟ ಇಷ್ಟೇ ಅಂತ ಇರುತ್ತದೆ, ಅದರಲ್ಲೇ ಚಿತ್ರವೂ ಕೂರಬೇಕು, ಕೆಳಗೆ ಜಾಹೀರಾತೂ ಬರಬಹುದು. ನಿಮ್ಮ ಕಥೆ ಉದ್ದವಾದರೆ ಒಂದೋ ಪಕ್ಕಕ್ಕೆ ಹೋಗುತ್ತದೆ, ಇಲ್ಲಾ ಅವಸರದಲ್ಲಿ ಯಾರೋ ಕತ್ತರಿಸುತ್ತಾರೆ. ಕತ್ತರಿ ನಿಮ್ಮ ಕೈಯಲ್ಲೇ ಇದ್ದರೆ ವಾಸಿ ಅಲ್ವಾ?

ಹಬ್ಬದ ಕಥೆ ಕಳಿಸುವವರಿಗೆ ಒಂದು ಮಾತು. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕೆಲಸ ಹಬ್ಬಕ್ಕೆ ತುಂಬಾ ಮೊದಲೇ ಮುಗಿದಿರುತ್ತದೆ. ಪಟಾಕಿ ಸದ್ದು ಕೇಳಿ ಕಥೆ ಕಳಿಸಿದರೆ ಮುಂದಿನ ವರ್ಷಕ್ಕಾಯಿತು.

ಕಡತದ ವಿಷಯ ಬೇಸರದ್ದು, ಆದರೂ ಹೇಳಲೇಬೇಕು. ನೀವು ಮೊಬೈಲಲ್ಲಿ ಟೈಪ್ ಮಾಡಿದ್ದು ಯುನಿಕೋಡ್, ಅಂದರೆ ಈಗಿನ ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ಎಷ್ಟೋ ಪತ್ರಿಕಾಲಯಗಳ ಪುಟವಿನ್ಯಾಸ ಬೆಳೆದದ್ದು ನುಡಿಯಂಥ ಹಳೆಯ ಫಾಂಟುಗಳ ಮೇಲೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಹಾಗಾಗಿ ಪ್ರಕಟಣೆಯಲ್ಲಿ ನುಡಿ ಅಂತ ಇದ್ದರೆ ನುಡಿ, ಯುನಿಕೋಡ್ ಅಂತ ಇದ್ದರೆ ಯುನಿಕೋಡ್. ಏನೂ ಹೇಳಿಲ್ಲವಾದರೆ ವರ್ಡ್ ಕಡತದ ಜೊತೆ ಅದರದ್ದೇ ಪಿಡಿಎಫ್ ಇಡಿ. ಅಕ್ಷರ ಒಡೆದರೆ ಮೂಲ ಹೇಗಿತ್ತು ಅಂತ ಅವರು ನೋಡಿಕೊಳ್ಳಬಹುದು. ನೋಟ್‌ಬುಕ್ ಪುಟದ ಫೋಟೋ ಬೇಡ. ಕಡತಕ್ಕೆ ಕಥೆಯ ಹೆಸರಿಡಿ. ‘ಕಥೆ ಫೈನಲ್ ಹೊಸದು 2’ ಅಂತ ಹೆಸರಿರುವ ಕಡತಗಳು ಅವರ ಬಳಿ ಎಷ್ಟಿವೆಯೋ! ಜೊತೆಯ ಪತ್ರ ನಾಲ್ಕು ಸಾಲು ಸಾಕು: ಕಥೆಯ ಹೆಸರು, ಪದಗಳ ಸಂಖ್ಯೆ, ಸ್ವಂತದ್ದು ಮತ್ತು ಎಲ್ಲೂ ಪ್ರಕಟವಾಗಿಲ್ಲ ಎಂಬ ಮಾತು, ವಿಳಾಸ ಮತ್ತು ಫೋನ್. ಕಥೆಯಲ್ಲಿ ಏನು ಹೇಳಲು ಹೊರಟಿದ್ದೀರಿ ಅಂತ ಪತ್ರದಲ್ಲಿ ವಿವರಿಸಬೇಡಿ.

ಸ್ಪರ್ಧೆಗಾದರೆ ಕಥೆಯ ಪುಟಗಳಲ್ಲಿ ನಿಮ್ಮ ಹೆಸರು ಎಲ್ಲೂ ಕಾಣಬಾರದು. ಹೆಸರು, ವಿಳಾಸ, ಫೋಟೋ ಎಲ್ಲ ಬೇರೆ ಹಾಳೆಯಲ್ಲಿ. ಶೀರ್ಷಿಕೆಯ ಕೆಳಗೆ ಹೆಸರು ತೆಗೆದು, ಪ್ರತಿ ಪುಟದ ಮೇಲ್ತುದಿಯಲ್ಲಿ ಬಿಟ್ಟವರನ್ನು ನೋಡಿದ್ದೇನೆ. ಅಂಥ ಕಥೆಗಳನ್ನು ನಾವು ಓದದೆಯೇ ಬದಿಗಿಡಬೇಕಿತ್ತು, ನಿಯಮ ಹಾಗಿತ್ತು. ಇನ್ನು ‘ಅಪ್ರಕಟಿತ’ ಅಂದರೆ ಫೇಸ್‌ಬುಕ್, ಬ್ಲಾಗ್, ಪ್ರತಿಲಿಪಿ ಎಂಬ ಕಥೆಗಳ ಆ್ಯಪ್ ಎಲ್ಲ ಸೇರಿ. ಅಲ್ಲಿ ಹಾಕಿ ಆಮೇಲೆ ಅಳಿಸಿದರೂ ಒಮ್ಮೆ ಪ್ರಕಟವಾದದ್ದು ಪ್ರಕಟವಾದಂತೆಯೇ. ಪ್ರತಿಲಿಪಿಯಂಥ ಕಡೆ ಬರೆಯುವುದು ಕೀಳು ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಓದುಗರೇ ಬೇರೆ, ಧಾರಾವಾಹಿಗಳಿಗೆ ಅಲ್ಲಿ ಸಿಗುವ ಓದು ಮಾಸಿಕಗಳಲ್ಲಿ ಸಿಗಲಾರದು. ಆದರೆ ಯಾವ ಕಥೆ ಎಲ್ಲಿಗೆ ಅನ್ನುವುದನ್ನು ಮೊದಲೇ ತೀರ್ಮಾನಿಸಿ.

ಈಗ ನನಗೆ ಹೆಚ್ಚು ಹೇಳಬೇಕು ಅನಿಸುವ ಭಾಗ. ಸಂಪಾದಕರ ಓದು ಬೇರೆ, ಸ್ಪರ್ಧೆಯ ಓದು ಬೇರೆ. ಸಂಪಾದಕರಿಗೆ ಪ್ರತಿ ವಾರ, ಪ್ರತಿ ತಿಂಗಳು ಒಂದು ಒಳ್ಳೆಯ ಕಥೆ ಬೇಕೇ ಬೇಕು. ನಿಮ್ಮ ಕಥೆ ಅವರ ಪುಟಕ್ಕೆ, ಅವರ ಓದುಗರಿಗೆ ಹೊಂದಿದರೆ ಸಾಕು. ಸ್ಪರ್ಧೆಯಲ್ಲಿ ಹಾಗಲ್ಲ, ಪಕ್ಕದ ಕಥೆಯ ಜೊತೆ ಇಟ್ಟು ನೋಡುತ್ತಾರೆ. ನಿಧಾನವಾಗಿ ಬಿಚ್ಚಿಕೊಳ್ಳುವ, ದನಿ ಎತ್ತದ ಕಥೆಗಳು ಅಲ್ಲಿ ಎಷ್ಟೋ ಸಲ ಸೋಲುತ್ತವೆ. ಮಾಸಿಕದಲ್ಲಿ ಅದೇ ಕಥೆಯನ್ನು ಒಬ್ಬರು ಮಧ್ಯಾಹ್ನ ಊಟವಾದ ಮೇಲೆ ಆರಾಮಾಗಿ ಓದುತ್ತಾರೆ. ನಿಮ್ಮ ಕಥೆಗಳನ್ನು ಹಾಗೆ ಎರಡು ಗುಂಪು ಮಾಡಿ ನೋಡಿ.

ಮೊದಲ ಸುತ್ತಿನ ಓದಿನಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ಅಮೆರಿಕದಲ್ಲಿ ಮಗ, ವೃದ್ಧಾಶ್ರಮದಲ್ಲಿ ತಾಯಿ. ಊರಿನ ಮನೆ ಮಾರಲು ಬಂದ ಅಣ್ಣತಮ್ಮಂದಿರು. ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿ ಹಳೆಯ ಪ್ರೇಯಸಿಯ ಮಗಳಾಗಿರುವುದು. ಕೊನೆಗೆ ‘ಎಚ್ಚರವಾಯಿತು’ ಅಂತ ಮುಗಿಯುವುದು. ವಸ್ತು ಕೆಟ್ಟದ್ದು ಅಂತಲ್ಲ, ವೃದ್ಧಾಶ್ರಮದ ಮೇಲೆ ಒಳ್ಳೆಯ ಕಥೆ ಬರೆಯಲು ಸಾಧ್ಯವಿಲ್ಲವೇ? ಆದರೆ ಒಂದೇ ಮಧ್ಯಾಹ್ನ ಅದೇ ತಾಯಿ ಅದೇ ಕಿಟಕಿಯ ಪಕ್ಕ ಮತ್ತೆ ಮತ್ತೆ ಕೂತರೆ ಓದುವವರಿಗೆ ಕರುಣೆಯೂ ಖಾಲಿಯಾಗುತ್ತದೆ. ಅದರ ನಡುವೆ ಅಡಿಕೆ ಸುಲಿಯುವ ಹೆಂಗಸರ ರಾತ್ರಿ ಮಾತುಕತೆಯ ಕಥೆಯೊಂದು ಬಂದಿತ್ತು. ಕಥೆಯಲ್ಲಿ ದೊಡ್ಡ ಘಟನೆಯೇ ಇರಲಿಲ್ಲ. ಬರೆದವರಿಗೆ ಆ ಕೆಲಸ ಗೊತ್ತಿತ್ತು, ಕೂಲಿ ಲೆಕ್ಕದ ಜಗಳ ಗೊತ್ತಿತ್ತು. ಮುಂದಿನ ಸುತ್ತಿಗೆ ಹೋಗಲಿ ಎಂದು ಎಲ್ಲರೂ ಒಪ್ಪಿದೆವು. ನಿಮಗೆ ಗೊತ್ತಿರುವ ಕೆಲಸ ಯಾವುದು? ರೇಷನ್ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ಅಕ್ಕಿ ಸಿಗದ ಅಜ್ಜಿಯನ್ನು ಕೌಂಟರಿನ ಒಳಗಿನಿಂದ ನೋಡಿದವರು ಬರೆದರೆ ಅದರ ರುಚಿಯೇ ಬೇರೆ.

ಆಡುಮಾತಿನ ವಿಷಯದಲ್ಲಿ ಹುಷಾರು. ಧಾರವಾಡದ ಮಾತು, ಕುಂದಾಪುರದ ಮಾತು, ಮಂಡ್ಯದ ಮಾತು ಕಥೆಗೆ ಜೀವ ಕೊಡುತ್ತವೆ, ನಿಜ. ಆದರೆ ಕ್ರಿಯಾಪದದ ಕೊನೆಗೆ ಸುಮ್ನೆ ‘ರೀ’, ‘ಲೇ’ ಹಚ್ಚಿದರೆ ಆ ಕಡೆಯ ತೀರ್ಪುಗಾರರು ಎರಡನೇ ಸಾಲಿಗೇ ಹಿಡಿಯುತ್ತಾರೆ. ಮನೆಯಲ್ಲಿ ಆಡಿ ಬೆಳೆದ ಮಾತಾದರೆ ಧೈರ್ಯವಾಗಿ ಬಳಸಿ, ಇಲ್ಲದಿದ್ದರೆ ಆ ಊರಿನವರೊಬ್ಬರಿಗೆ ಓದಿ ಹೇಳಿ. ಇನ್ನೊಂದು, ಕೊನೆಯ ಪ್ಯಾರಾ. ಕಥೆ ಮುಗಿದ ಮೇಲೂ ಬರೆದವರು ಬಾಗಿಲಲ್ಲಿ ನಿಂತು ನೀತಿ ಹೇಳುತ್ತಿರುತ್ತಾರೆ. ಅದನ್ನು ಕೈಯಲ್ಲಿ ಮುಚ್ಚಿಕೊಂಡು ಓದಿ ನೋಡಿ. ಹತ್ತರಲ್ಲಿ ಎಂಟು ಸಲ ಕಥೆ ಅದಿಲ್ಲದೆಯೇ ಚೆನ್ನಾಗಿರುತ್ತದೆ.

ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ದಶಕಗಳಿಂದ ನಡೆಯುತ್ತಿದೆ. ಕನ್ನಡದಲ್ಲಿ ಹೊಸ ಕಥೆಗಾರರ ಹೆಸರು ಮೊದಲು ಕೇಳಿಬರುವ ಜಾಗಗಳಲ್ಲಿ ಅದು ಮುಖ್ಯವಾದದ್ದು. ಇತ್ತೀಚೆಗೆ ಬುಕ್ ಬ್ರಹ್ಮ ಎಂಬ ಸಾಹಿತ್ಯದ ಜಾಲತಾಣದವರು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಕಥಾಸ್ಪರ್ಧೆ ಇಡುತ್ತಿದ್ದಾರೆ. ಹಳೆಯ ದೀಪಾವಳಿ ಸಂಚಿಕೆ ಸಿಕ್ಕರೆ ಬಹುಮಾನದ ಕಥೆಗಿಂತ ಮೊದಲು ತೀರ್ಪುಗಾರರ ಟಿಪ್ಪಣಿ ಓದಿ. ಆ ವರ್ಷ ಬಂದ ಕಥೆಗಳಲ್ಲಿ ಅವರಿಗೆ ಏನು ಸಾಕಾಯಿತು, ಏನು ಸಿಗಲಿಲ್ಲ ಅಂತ ಅದರಲ್ಲಿ ಗೊತ್ತಾಗುತ್ತದೆ. ತೀರ್ಪುಗಾರರು ಬದಲಾಗುತ್ತಿರುತ್ತಾರೆ, ಹಾಗಾಗಿ ಒಂದು ಕಡೆ ಬಿದ್ದುಹೋದ ಕಥೆ ಇನ್ನೊಂದು ಕಡೆ ಬಹುಮಾನ ಪಡೆಯುವುದೂ ಉಂಟು.

ದುಡ್ಡು ಕೇಳುವ ಸ್ಪರ್ಧೆಗಳಿಂದ ದೂರ ಇರಿ ಅಂತಲೇ ನನ್ನ ಅಭಿಪ್ರಾಯ. ವಾಟ್ಸ್ಯಾಪ್ ಗುಂಪುಗಳಲ್ಲಿ ಬರುತ್ತವಲ್ಲ, ಪ್ರವೇಶ ಶುಲ್ಕ ಕಟ್ಟಿ, ಎಲ್ಲರಿಗೂ ಪ್ರಮಾಣಪತ್ರ, ಆಯ್ದ ಕಥೆಗಳ ಸಂಕಲನ, ಲೇಖಕರು ಇಷ್ಟು ಪ್ರತಿ ಕೊಳ್ಳಲೇಬೇಕು. ಅಲ್ಲಿ ಗಿರಾಕಿ ನೀವೇ. ತೀರ್ಪುಗಾರರು ಯಾರು, ಹಿಂದಿನ ಸಲ ಯಾರಿಗೆ ಬಂತು, ಆ ಕಥೆ ಎಲ್ಲಿ ಓದಲು ಸಿಗುತ್ತದೆ ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಸಂಭಾವನೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೊಡ್ಡ ಪತ್ರಿಕೆಗಳು ಗೌರವಧನ ಕೊಡುತ್ತವೆ, ಸಣ್ಣ ಪತ್ರಿಕೆಗಳಿಂದ ಹೆಚ್ಚಾಗಿ ಒಂದು ಗೌರವ ಪ್ರತಿ ಬರುತ್ತದೆ. ಅದರಿಂದ ಮನೆ ನಡೆಯುವುದಿಲ್ಲ. ಹಕ್ಕಿನ ವಿಷಯ ಅದಕ್ಕಿಂತ ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೀವು ಆ ಪತ್ರಿಕೆಯ ನೌಕರರಲ್ಲದಿದ್ದರೆ ಕಥೆಯ ಹಕ್ಕು ನಿಮ್ಮದೇ. ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲಿ, ನಿಮ್ಮ ಸಹಿಯ ಜೊತೆ ಇರಬೇಕು. ಎಷ್ಟು ಕಾಲಕ್ಕೆ ಅಂತ ಅದರಲ್ಲಿ ಬರೆದಿಲ್ಲದಿದ್ದರೆ ಐದು ವರ್ಷ ಅಂತ ಲೆಕ್ಕ. ಹಾಗಾಗಿ ಸ್ಪರ್ಧೆಯ ನಿಯಮಗಳಲ್ಲಿ ‘ಎಲ್ಲ ಹಕ್ಕು ಆಯೋಜಕರದು’ ಎಂಬ ಸಾಲು ಇದೆಯಾ ನೋಡಿ. ಮೊದಲ ಪ್ರಕಟಣೆಯ ಹಕ್ಕು ಕೇಳಿದರೆ ಕೊಡಿ, ಅದು ನ್ಯಾಯವೇ. ಸಿನಿಮಾ, ಧಾರಾವಾಹಿ ಹಕ್ಕೂ ಅವರಿಗೇ ಅಂದರೆ ನಾನಂತೂ ಕಳಿಸುವುದಿಲ್ಲ.

ಉಳಿದದ್ದು ಆ ಆರು ಸಾವಿರ ಪದದ ಕಥೆ. ಎರಡು, ಮೂರು ಸಾವಿರ ಪದದ ಮಿತಿ ಹಾಕುವ ಸ್ಪರ್ಧೆಗಳೇ ಹೆಚ್ಚು, ಪುರವಣಿಗಂತೂ ಅದು ಹಿಡಿಸುವುದಿಲ್ಲ. ಮಿತಿಗೆ ತರಬೇಕು ಅಂತ ಅದನ್ನು ಅರ್ಧಕ್ಕೆ ಕೊಯ್ಯಬೇಡಿ. ಉದ್ದನೆಯ ಕಥೆಗೆ ಸಂಕಲನದಲ್ಲಿ ಬೆಲೆ ಇದೆ. ಇನ್ನೂ ನಾಲ್ಕೈದು ಕಥೆ ಸೇರಿದರೆ ನಿಮ್ಮ ಹತ್ತಿರ ಒಂದು ಹಸ್ತಪ್ರತಿಯೇ ಇರುತ್ತದೆ. ಹೊಸ ಕಥೆಗಾರರ ಹಸ್ತಪ್ರತಿಗೆ ಕಥೆಗಾರ ವಸುಧೇಂದ್ರ ಅವರ ‘ಛಂದ ಪುಸ್ತಕ’ ಪ್ರಕಾಶನ ಬಹುಮಾನ ಇಟ್ಟಿದೆ, ಗೆದ್ದ ಸಂಕಲನವನ್ನು ಅವರೇ ಪ್ರಕಟಿಸುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತಾರೆ. ವಯಸ್ಸಿನ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ, ಮಾಸ್ತಿ ಕಥಾ ಪುರಸ್ಕಾರ ಇವೆಲ್ಲ ಅಚ್ಚಾದ ಪುಸ್ತಕಕ್ಕೆ, ಆ ಯೋಚನೆ ಈಗ ಬೇಡ. ಹಸ್ತಪ್ರತಿಗಳಿಗೆ ಕರೆ ಬಂದಾಗ ಒಳಗಿನ ಕಥೆಗಳು ಮೊದಲೇ ಪತ್ರಿಕೆಯಲ್ಲಿ ಬಂದಿರಬಹುದಾ ಅನ್ನುವ ನಿಯಮವನ್ನು ಮಾತ್ರ ಗಮನವಿಟ್ಟು ಓದಿ. ಅದು ಗೊತ್ತಾದ ಮೇಲೆ ಉಳಿದ ಚಿಕ್ಕ ಕಥೆಗಳನ್ನು ಒಂದೊಂದಾಗಿ ಕಳಿಸುತ್ತಾ ಹೋಗಿ, ದೊಡ್ಡದು ಮನೆಯಲ್ಲೇ ಇರಲಿ.