ಓದುಗರ ಪ್ರಶ್ನೆ: ಸುತ್ತಿಗೆ ಹಿಡಿದವರು ತೋಟಕ್ಕೆ ಬಂದಾಗ

ಪ್ರಶ್ನೆ: ನಮ್ಮ ಕಾಫಿ ತೋಟದ ಮೇಲಿನ ಹಳ್ಳದ ಬಳಿ ಇಬ್ಬರು ಬಂದು ಕಲ್ಲು ಒಡೆದು ನೋಡಿ, ಚೀಲದಲ್ಲಿ ಮಣ್ಣು ತುಂಬಿಕೊಂಡು ಹೋದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೆಂದು ಹೇಳಿದರು. ಇಲ್ಲಿ ಗಣಿ ಬರುತ್ತದೆಯೇ ಎಂದು ಊರಿನಲ್ಲಿ ಆತಂಕವಿದೆ. (ಓದುಗರು, ಚಿಕ್ಕಮಗಳೂರು ತಾಲ್ಲೂಕು)

ಉತ್ತರ: ಕಲ್ಲು ಒಡೆದು ನೋಡಿದ ಮಾತ್ರಕ್ಕೆ ಗಣಿ ಬರುವುದಿಲ್ಲ. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಈ ಸಂಸ್ಥೆ ಮೊದಮೊದಲು ರೈಲುಗಳಿಗೆ ಬೇಕಾದ ಕಲ್ಲಿದ್ದಲನ್ನು ಹುಡುಕುತ್ತಿತ್ತೆಂಬುದು ನಿಜ. ಆದರೆ ಇಂದು ಅದರ ಮೂಲ ಕೆಲಸವೆಂದರೆ ದೇಶದ ನೆಲದಡಿ ಯಾವ ಶಿಲೆ ಎಲ್ಲಿದೆ, ಅದರ ಪದರಗಳು ಯಾವ ದಿಕ್ಕಿಗೆ ಎಷ್ಟು ವಾಲಿವೆ, ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆ ಎಂಬುದನ್ನು ನಕ್ಷೆಗೆ ಇಳಿಸುವುದು. ನೀವು ಕಂಡದ್ದು ಬಹುಶಃ ಭೂರಾಸಾಯನಿಕ ನಕ್ಷೆಗಾಗಿ ನಡೆಯುವ ಮಾದರಿ ಸಂಗ್ರಹ. ಇದಕ್ಕಾಗಿ ನೆಲವನ್ನು ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿಕೊಂಡು, ಮುಖ್ಯವಾಗಿ ಹಳ್ಳಗಳ ಹೂಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಮೇಲಿನ ಇಳಿಜಾರಿನ ಕಲ್ಲೆಲ್ಲ ಸವೆದು ಬಂದು ಸೇರುವುದು ಹಳ್ಳಕ್ಕೇ ಆದ್ದರಿಂದ, ಒಂದು ಹಿಡಿ ಹೂಳು ಇಡೀ ಗುಡ್ಡದ ಸುಳಿವು ಕೊಡುತ್ತದೆ.

ಒಂದು ವೇಳೆ ಖನಿಜದ ಸುಳಿವು ಸಿಕ್ಕರೂ ಅಲ್ಲಿಂದ ಗಣಿಯವರೆಗಿನ ದಾರಿ ಬಹಳ ದೂರದ್ದು. ಪ್ರಾಥಮಿಕ ಪರಿಶೀಲನೆಯಿಂದ ವಿವರವಾದ ಅನ್ವೇಷಣೆಯವರೆಗೆ ನಾಲ್ಕು ಹಂತಗಳಿವೆ; ಹರಾಜು ಹಾಕುವುದು, ಗುತ್ತಿಗೆ ಕೊಡುವುದು ಸರ್ಕಾರದ ತೀರ್ಮಾನವೇ ಹೊರತು ಸರ್ವೇಕ್ಷಣಾ ಸಂಸ್ಥೆಯದ್ದಲ್ಲ. ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಕುದುರೆಮುಖದ ಕಬ್ಬಿಣದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಅದನ್ನು ತೆಗೆಯಲು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಕಂಡವರು, ತೆಗೆದವರು, ನಿಲ್ಲಿಸಿದವರು ಬೇರೆ ಬೇರೆ. ಮುಂದಿನ ಸಲ ಅವರು ಬಂದರೆ ಗುರುತಿನ ಚೀಟಿ ತೋರಿಸುವಂತೆ ಕೇಳಿ, ಕುಡಿಯಲು ನೀರು ಕೊಟ್ಟು, ನಿಮ್ಮ ತೋಟದ ಕಲ್ಲು ಯಾವುದೆಂದು ವಿಚಾರಿಸಿ. ಹೆಚ್ಚಿನವರು ಸಂತೋಷದಿಂದ ವಿವರಿಸುತ್ತಾರೆ.

ಪ್ರಶ್ನೆ: ಚಂದ್ರದ್ರೋಣ ಪರ್ವತ (ಬಾಬಾಬುಡನ್‌ಗಿರಿ ಸಾಲು) ಕುದುರೆ ಲಾಳದ ಆಕಾರದಲ್ಲಿರುವುದು ಏಕೆ? ಅದು ಜ್ವಾಲಾಮುಖಿಯ ಬಾಯಿ ಎಂದು ಕೆಲವರು ಹೇಳುತ್ತಾರೆ. (ಕಾಲೇಜು ವಿದ್ಯಾರ್ಥಿನಿ, ತರೀಕೆರೆ)

ಉತ್ತರ: ಜ್ವಾಲಾಮುಖಿಯ ಬಾಯಿ ಅಲ್ಲ. ಆದರೆ ಆ ಮಾತು ಪೂರ್ತಿ ನಿರಾಧಾರವೂ ಅಲ್ಲ, ಏಕೆಂದರೆ ಬೆಟ್ಟದ ಕೆಳಗಿನ ಪದರಗಳಲ್ಲಿ ಪ್ರಾಚೀನ ಲಾವಾ ಹರಿವುಗಳು ಇದ್ದೇ ಇವೆ. ಬಾಬಾಬುಡನ್ ಶಿಲಾಸಮೂಹವೆಂದು ಭೂವಿಜ್ಞಾನಿಗಳು ಕರೆಯುವ ಈ ಪದರಗಳ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಕೆಳಗಿನಿಂದ ಮೇಲಕ್ಕೆ ಅವುಗಳ ವಿಭಾಗಗಳಿಗೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂಬ ನಮ್ಮ ಊರು, ಬೆಟ್ಟಗಳ ಹೆಸರುಗಳೇ ಇವೆ. ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿ ಧಾರವಾಡ ಶಿಲೆಗಳೆಂಬ ಗುಂಪಿಗೆ ಸೇರಿದ ಈ ಪದರಗಳ ಬಗ್ಗೆ ಬರೆದರೂ ಈ ಹೆಸರುಗಳನ್ನೇ ಬಳಸಬೇಕಾಗುತ್ತದೆ. ತೀರ ಕೆಳಗಿನ ಕಳಸಾಪುರ ಪದರದಲ್ಲಿ ಬಿಳಿಯ ಬೆಣಚು ಉಂಡೆಗಲ್ಲುಗಳು ಒತ್ತಾಗಿ ಕೂಡಿ ಗಟ್ಟಿಯಾಗಿರುವುದನ್ನು ಕಾಣಬಹುದು. ಅವುಗಳ ಅಂಚು ನುಣುಪಾಗಿರುವುದು ಹರಿವ ನೀರಿನ ಉಜ್ಜುವಿಕೆಯಿಂದ. ಅಂದರೆ ಲಾವಾ ಹರಿಯುವುದಕ್ಕೂ ಮುಂಚೆ, ಇನ್ನೂ ಹಳೆಯ ಗ್ರಾನೈಟ್ ಮತ್ತು ನೈಸ್ (ಶಾಖ, ಒತ್ತಡಕ್ಕೆ ಮಾರ್ಪಟ್ಟ ಪಟ್ಟೆಪಟ್ಟೆಯ ಶಿಲೆ) ನೆಲದ ಮೇಲೆ ಇಲ್ಲಿ ನೀರು ಹರಿದಿತ್ತು.

ತುತ್ತತುದಿಯಲ್ಲಿರುವುದು ಕಬ್ಬಿಣದ ಅದಿರು ಮತ್ತು ಸಿಲಿಕಾ ಪಟ್ಟೆಪಟ್ಟೆಯಾಗಿ ಕೂಡಿದ ಶಿಲೆ. ಆಮ್ಲಜನಕ ತೀರ ಕಡಿಮೆಯಿದ್ದ ಕಾಲದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಆದದ್ದು ಇದು. ಸಮತಟ್ಟಾಗಿ ಹಾಸಿದ್ದ ಈ ಎಲ್ಲ ಪದರಗಳೂ ಮುಂದೆ ಭೂಚಲನೆಯ ಒತ್ತಡಕ್ಕೆ ಮಡಿಚಿಕೊಂಡು, ಒಂದರೊಳಗೊಂದು ಇಟ್ಟ ದೊನ್ನೆಗಳಂತೆ ನಡುವೆ ತಗ್ಗಿ ಅಂಚಿನಲ್ಲಿ ಎದ್ದು ನಿಂತವು. ಮಳೆ ಗಾಳಿಗೆ ಮೆದು ಶಿಲೆ ಸವೆಯಿತು. ಕಬ್ಬಿಣದ ಪಟ್ಟೆ ಸವೆಯದೆ ದಿಣ್ಣೆಯಾಗಿ ಉಳಿಯಿತು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತ್ಯುನ್ನತ ಶಿಖರವಾಗಲು ಈ ಗಟ್ಟಿತನವೇ ದೊಡ್ಡ ಕಾರಣ. ಲಾಳದ ತೆರೆದ ಬಾಯಿ ವಾಯವ್ಯಕ್ಕಿದೆ, ಒಳಗಿರುವುದು ಜಾಗರ ಕಣಿವೆ. ಶಿಖರದ ಸುತ್ತಮುತ್ತ ಅಯಸ್ಕಾಂತದ ಗುಣವಿರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಹೆಚ್ಚಿರುವ ಬಂಡೆಯ ಪಕ್ಕ ದಿಕ್ಸೂಚಿ ಹಿಡಿದರೆ ಮುಳ್ಳು ದಾರಿ ತಪ್ಪುವುದುಂಟು. ಚಾರಣಿಗರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಶ್ರವಣಬೆಳಗೊಳದ ಕಲ್ಲೂ ಹಳೇಬೀಡಿನ ಕಲ್ಲೂ ಒಂದೆಯೇ? (ಓದುಗರು, ಚನ್ನರಾಯಪಟ್ಟಣ)

ಉತ್ತರ: ಅಲ್ಲ. ಗೊಮ್ಮಟನದು ಗಡಸು ಗ್ರಾನೈಟ್. ಬೇಲೂರು, ಹಳೇಬೀಡಿನದು ಬಳಪದ ಕಲ್ಲಿನ ಜಾತಿಯ, ಕ್ಲೋರೈಟ್ ಎಂಬ ಹಸಿರು ಖನಿಜ ತುಂಬಿದ ಮೆದು ಶಿಲೆ. ಮದನಿಕೆಯ ಆಭರಣದ ಎಳೆಗಳನ್ನು ಅಷ್ಟು ನಾಜೂಕಾಗಿ ಬಿಡಿಸಲು ಸಾಧ್ಯವಾದದ್ದು ಶಿಲ್ಪಿಯ ಕೈಚಳಕದ ಜೊತೆಗೆ ಕಲ್ಲಿನ ಈ ಗುಣದಿಂದಲೂ.

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಮಳೆಗಾಲ ಬಂದರೆ ಗುಡ್ಡ ಕುಸಿಯುತ್ತದೆ. ಸರ್ವೇಕ್ಷಣಾ ಸಂಸ್ಥೆಯವರು ಮುಂಚಿತವಾಗಿ ಹೇಳಲಾರರೇ? (ಓದುಗರು, ಸಕಲೇಶಪುರ)

ಉತ್ತರ: ಎಲ್ಲಿ ಕುಸಿಯುವ ಸಂಭವ ಹೆಚ್ಚೆಂದು ಹೇಳಬಲ್ಲರು, ಯಾವ ಗಂಟೆಗೆಂದು ಹೇಳುವುದು ಕಷ್ಟ. ದೇಶದಲ್ಲಿ ಭೂಕುಸಿತದ ಅಧ್ಯಯನಕ್ಕೆ ಈ ಸಂಸ್ಥೆಯೇ ನೋಡಲ್ ಸಂಸ್ಥೆ, ಅಂದರೆ ಮುಖ್ಯ ಹೊಣೆ ಹೊತ್ತ ಸಂಸ್ಥೆ. 2014ರಿಂದ ಅದು ಇಳಿಜಾರು, ಶಿಲೆ, ಮಣ್ಣಿನ ದಪ್ಪ, ನೆಲದ ಬಳಕೆ ಇವುಗಳನ್ನು ತಾಳೆ ನೋಡಿ ಸಂಭಾವ್ಯತಾ ನಕ್ಷೆಗಳನ್ನು ಸಿದ್ಧಪಡಿಸಿದೆ, ಪಶ್ಚಿಮಘಟ್ಟವೂ ಅದರಲ್ಲಿ ಸೇರಿದೆ. ಘಾಟಿಯಲ್ಲಿ ಗಟ್ಟಿ ಬಂಡೆಯ ಮೇಲೆ ಶಿಥಿಲಗೊಂಡ ಮಣ್ಣಿನ ದಪ್ಪ ಹೊದಿಕೆಯಿದೆ. ದಿನಗಟ್ಟಲೆ ಸುರಿದ ಮಳೆ ಈ ಹೊದಿಕೆಯೊಳಗೆ ಇಳಿದು ಬಂಡೆಯ ಮೈಮೇಲೆ ನಿಂತಾಗ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ರಸ್ತೆಗಾಗಿ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದಿದ್ದರಂತೂ ಆಧಾರವೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮಗೆ ಕೊರತೆಯಿರುವುದು ನಕ್ಷೆಯದ್ದಲ್ಲ, ರಸ್ತೆ ಅಗಲಿಸುವ ಮೊದಲು ಅದನ್ನು ಬಿಡಿಸಿ ನೋಡುವ ಅಭ್ಯಾಸದ್ದು. ಇಳಿಜಾರಿಗೆ ಅಡ್ಡವಾಗಿ ಹೊಸ ಬಿರುಕು, ಮರಗಳ ವಾಲಿಕೆ, ಇಲ್ಲದ ಕಡೆ ಎದ್ದ ಕೆಸರು ನೀರಿನ ಒರತೆ ಕಂಡರೆ ಮನೆ ತೆರವು ಮಾಡಿ, 1077ಕ್ಕೆ ಕರೆ ಮಾಡಿ ಜಿಲ್ಲಾಡಳಿತಕ್ಕೆ ತಿಳಿಸಿ.

ಪ್ರಶ್ನೆ: ನಮ್ಮ ಊರಿನ ಭೂವೈಜ್ಞಾನಿಕ ನಕ್ಷೆ ಸಾಮಾನ್ಯರಿಗೆ ಸಿಗುತ್ತದೆಯೇ? (ಶಿಕ್ಷಕರು, ಅರಸೀಕೆರೆ)

ಉತ್ತರ: ಸಿಗುತ್ತದೆ. ಸಂಸ್ಥೆಯ ‘ಭೂಕೋಶ್’ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ 1:50,000 ಪ್ರಮಾಣದ, ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರಿನ ನಕ್ಷೆಯನ್ನು ಉಚಿತವಾಗಿ ಪಡೆಯಬಹುದು. ಬೆಟ್ಟದ ಎತ್ತರ, ರಸ್ತೆ, ಹಳ್ಳಿ ತೋರಿಸುವ ಟೋಪೋಶೀಟ್ ಬೇರೆ. ಅದನ್ನು ಹೊರತರುವುದು 1767ರಷ್ಟು ಹಳೆಯದಾದ ಸರ್ವೆ ಆಫ್ ಇಂಡಿಯಾ. ಮಕ್ಕಳಿಗೆ ತೋರಿಸುವಾಗ ಭೂವೈಜ್ಞಾನಿಕ ನಕ್ಷೆಯ ಬಣ್ಣ ಶಿಲೆಯ ಬಗೆಯನ್ನು ಸೂಚಿಸುತ್ತದೆಯೇ ಹೊರತು ಎತ್ತರವನ್ನಲ್ಲ ಎಂದು ಮೊದಲೇ ಹೇಳಿಬಿಡಿ.