ಅಮ್ಮನ ಮರೆವು, ಅಮೆರಿಕದ ಇಂಜೆಕ್ಷನ್ ಮತ್ತು ಕಿವಿಯ ಗುಗ್ಗೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ನರರೋಗ ವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನನ್ನ ಅಮ್ಮನಿಗೆ 71 ವರ್ಷ. ಮೊನ್ನೆ ಅಪ್ಪೆಹುಳಿಗೆ ಎರಡು ಸಲ ಉಪ್ಪು ಹಾಕಿದಳು. ಹೇಳಿದ್ದನ್ನೇ ಹೇಳುತ್ತಾಳೆ. ಅಡಿಕೆ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವಳು ಈಗ ತಡವರಿಸುತ್ತಾಳೆ. ಶುಗರ್‌ಗೆ 12 ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಾಳೆ. ನಿದ್ದೆ ಬರಲ್ಲ ಅಂತ ದಿನಾ ರಾತ್ರಿ ಅಂಗಡಿಯ ಶೀತದ ಮಾತ್ರೆಯೊಂದು. ಅಪ್ಪ ಹೋದ ಮೇಲೆ ಹೊರಗೆ ಹೋಗುವುದೇ ಬಿಟ್ಟಿದ್ದಾಳೆ, ಟಿವಿ ಜೋರಾಗಿ ಹಾಕಿಕೊಂಡು ಕೂತಿರುತ್ತಾಳೆ. ಅಮೆರಿಕದಲ್ಲಿರುವ ಅಣ್ಣ, "ಅಲ್ಜೈಮರ್ಸ್‌ಗೆ ಹೊಸ ಇಂಜೆಕ್ಷನ್ ಬಂದಿದೆ, ಅಮ್ಮನನ್ನು ಇಲ್ಲಿಗೆ ಕಳಿಸು" ಅನ್ನುತ್ತಿದ್ದಾನೆ. ಕಳಿಸಲಾ? ನನಗೂ ತಲೆ ಕೆಟ್ಟ ಹಾಗಾಗಿದೆ.
– ಒಬ್ಬ ಮಗಳು, ಸಾಗರ

ಉತ್ತರ: ವಿಮಾನದ ಟಿಕೆಟ್ ಇನ್ನೂ ಬುಕ್ ಮಾಡಿಸಬೇಡಮ್ಮ. ನಿನ್ನ ಕಾಗದದಲ್ಲೇ ನನಗೆ ನಾಲ್ಕು ಅನುಮಾನ ಕಾಣಿಸಿವೆ. ಅದಕ್ಕೆ ಮೊದಲು ಅಣ್ಣನ ಇಂಜೆಕ್ಷನ್ ವಿಷಯ ಮುಗಿಸೋಣ.

ಔಷಧಿ ನಿಜವಾಗಿಯೂ ಬಂದಿದೆ. ಹೆಸರು ಲೆಕಾನೆಮ್ಯಾಬ್. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಅದೇ ಜಾತಿಯ ಡೊನಾನೆಮ್ಯಾಬ್ ಬಂತು. ಅಲ್ಜೈಮರ್ಸ್‌ನಲ್ಲಿ ಮಿದುಳಿನೊಳಗೆ ಅಮೈಲಾಯ್ಡ್ ಎಂಬ ಪ್ರೋಟೀನು ಜಿಡ್ಡಿನ ಹಾಗೆ ಕಟ್ಟಿಕೊಳ್ಳುತ್ತದೆ. 1906ರಲ್ಲಿ ಅಲೋಯಿಸ್ ಅಲ್ಜೈಮರ್ ಎಂಬ ಜರ್ಮನ್ ವೈದ್ಯ ತನ್ನ ರೋಗಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ವರ್ಣಿಸಿದ್ದು ಇದನ್ನೇ. ಈ ಔಷಧಿಗಳು ಆ ಜಿಡ್ಡನ್ನು ಕಿತ್ತು ಹಾಕುತ್ತವೆ. ಸ್ಕ್ಯಾನ್‌ನಲ್ಲಿ ಮಿದುಳು ಚೊಕ್ಕಟವಾದದ್ದು ಕಾಣುತ್ತದೆ.

ಮಿದುಳು ಚೊಕ್ಕಟವಾದರೆ ಮರೆವೂ ಹೋಗಬೇಕಲ್ವಾ? ಅಷ್ಟು ಸುಲಭವಿಲ್ಲ. ಲೆಕಾನೆಮ್ಯಾಬ್ ಪರೀಕ್ಷೆಯಲ್ಲಿ 1,795 ಜನ ಇದ್ದರು, 18 ತಿಂಗಳು ನಡೆಯಿತು. ನೆನಪು, ದಿನನಿತ್ಯದ ಕೆಲಸ ಎಲ್ಲ ಸೇರಿಸಿ ಅಳೆಯುವ 18 ಅಂಕದ ಪಟ್ಟಿಯೊಂದಿದೆ. ಅಂಕ ಏರಿದಷ್ಟೂ ಕಾಯಿಲೆ ಜಾಸ್ತಿ. ಔಷಧಿ ಸಿಗದವರ ಅಂಕ 1.66 ಏರಿತು, ಸಿಕ್ಕವರದ್ದು 1.21. ಅಂದರೆ ಇಬ್ಬರೂ ಇಳಿಜಾರಿನಲ್ಲೇ ಇದ್ದರು, ಒಬ್ಬರು ತುಸು ನಿಧಾನವಾಗಿ ಇಳಿದರು. ಈ 0.45 ಅಂಕದ ವ್ಯತ್ಯಾಸವೇ ಪತ್ರಿಕೆಗಳಲ್ಲಿ "ಶೇ 27ರಷ್ಟು ನಿಧಾನ" ಎಂದು ದಪ್ಪಕ್ಷರದಲ್ಲಿ ಬಂದದ್ದು. ಎರಡು ಲೆಕ್ಕವೂ ಸರಿಯೇ, ನಿನ್ನ ಅಣ್ಣ ಓದಿದ್ದು ಎರಡನೆಯದನ್ನು.

ಜೊತೆಗೆ ಔಷಧಿ ಸಿಕ್ಕ ನೂರರಲ್ಲಿ ಸುಮಾರು 13 ಜನರ ಮಿದುಳಿನಲ್ಲಿ ಊತ ಕಾಣಿಸಿತು. ಹೆಚ್ಚಿನವರಿಗೆ ಅದರ ಅರಿವೇ ಆಗಲಿಲ್ಲ, ಕೆಲವರಿಗೆ ಕಷ್ಟವಾಯಿತು. ಹಾಗಾಗಿ ಮತ್ತೆ ಮತ್ತೆ ಎಂಆರ್‌ಐ ಮಾಡಿಸುತ್ತಿರಬೇಕು. ಆ ಪರೀಕ್ಷೆಯಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕುತ್ತಿದ್ದರು. ಅಮೆರಿಕದಲ್ಲಿ 2023ರಲ್ಲಿ ವರ್ಷಕ್ಕೆ 26,500 ಡಾಲರ್ ಬೆಲೆ ಇಟ್ಟರು. ಇನ್ನೂ ಒಂದು ಮಾತು, ಇದು ಕಾಯಿಲೆಯ ಶುರುವಿನಲ್ಲಿ ಇರುವವರಿಗೆ ಮಾತ್ರ. ಅದೂ ಮಿದುಳಿನಲ್ಲಿ ಅಮೈಲಾಯ್ಡ್ ಇದೆ ಅಂತ ಪರೀಕ್ಷೆಯಲ್ಲಿ ಖಚಿತವಾದ ಮೇಲೆ. ಕಾಯಿಲೆಯನ್ನೇ ನಿಧಾನ ಮಾಡುವಂಥದ್ದು ನೂರು ವರ್ಷ ಏನೂ ಇಲ್ಲದ ಕಡೆ ಇಷ್ಟಾದರೂ ಆಯಿತಲ್ಲ ಅಂತ ನನಗೆ ಸಂತೋಷವಿದೆ. ಆದರೆ ನಿನ್ನ ಅಮ್ಮನಿಗೆ ಅಲ್ಜೈಮರ್ಸ್ ಅಂತ ಹೇಳಿದವರು ಯಾರು? ಅಣ್ಣ ತಾನೇ?

ಈಗ ನನ್ನ ಅನುಮಾನಗಳಿಗೆ ಬರುತ್ತೇನೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕೆಲವರಲ್ಲಿ ಬಿ12 ಎಂಬ ವಿಟಮಿನ್ ಕಡಿಮೆಯಾಗುತ್ತದೆ. ಮನೆಯಲ್ಲಿ ಸಸ್ಯಾಹಾರವಾದರೆ ಇನ್ನೂ ಕಡಿಮೆ. ಬಿ12 ಇಳಿದರೆ ಮರೆವು ಬರಬಹುದು. ಹಾಗಂತ ಶುಗರ್ ಮಾತ್ರೆ ನಿಲ್ಲಿಸಬೇಡ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸು. ಎರಡನೆಯದು ಆ ಶೀತದ ಮಾತ್ರೆ. ನಿದ್ದೆ ಬರಿಸುವ ಹಳೇ ಕಾಲದ ಶೀತದ ಮಾತ್ರೆಗಳು ವಯಸ್ಸಾದವರ ತಲೆಯನ್ನು ಮಂಜು ಮಾಡಿಬಿಡುತ್ತವೆ. ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು. ಮೂರನೆಯದು ದುಃಖ. ಗಂಡ ಹೋದ ಮೇಲೆ ಬಾಗಿಲು ದಾಟದ ಹೆಂಗಸಿಗೆ ಖಿನ್ನತೆ ಇರಬಹುದು. ವಯಸ್ಸಾದವರಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ, ಮರೆವಿನ ವೇಷದಲ್ಲೂ ಬರುತ್ತದೆ. ಅದಕ್ಕೆ ಚಿಕಿತ್ಸೆಯಿದೆ.

ನಾಲ್ಕನೆಯದು, ಜೋರಾದ ಟಿವಿ. ಇದಕ್ಕೊಂದು ಕತೆ ಹೇಳಬೇಕು. ನನಗೆ ನಾಚಿಕೆ ತರುವ ಕತೆ.

ನನ್ನ ಸೋದರತ್ತೆಯನ್ನು ನಾನೇ ಪರೀಕ್ಷೆ ಮಾಡಿದ್ದೆ. ಮೂರು ಪದ ಹೇಳಿ ಐದು ನಿಮಿಷದ ಮೇಲೆ ವಾಪಸ್ ಕೇಳುವುದು ನಮ್ಮ ಪದ್ಧತಿ. ಫ್ಯಾನ್ ಗಿರಗಿರ ಅನ್ನುತ್ತಿದ್ದ ಕೋಣೆಯಲ್ಲಿ "ಮಾವು, ಬಸ್ಸು, ಕೊಡೆ" ಎಂದೆ. ಅತ್ತೆ ತಲೆಯಾಡಿಸಿದರು. ಐದು ನಿಮಿಷ ಬಿಟ್ಟು ಕೇಳಿದರೆ "ಹಾವು, ಹಸು, ಕೊಡ" ಅಂದರು. ಮೂರಕ್ಕೆ ಸೊನ್ನೆ ಬರೆದೆ, ಮರೆವಿನ ಮಾತ್ರೆ ಶುರು ಮಾಡಿದೆ. ಎಂಟು ತಿಂಗಳು ನುಂಗಿದರು ಪಾಪ, ಹೊಟ್ಟೆ ತೊಳಸುತ್ತದೆ ಅಂತ ಬೈದುಕೊಂಡೇ. ಆಮೇಲೆ ಬೇರೇನಕ್ಕೋ ಕಿವಿ ಡಾಕ್ಟರ ಹತ್ತಿರ ಹೋದಾಗ ಎರಡೂ ಕಿವಿಯಿಂದ ಹುಣಸೆಬೀಜದಷ್ಟು ಗುಗ್ಗೆ ತೆಗೆದರು, ಒಂದು ಕಿವಿಗೆ ಮಷೀನ್ ಹಾಕಿದರು. ಆ ದಿನ ಸಂಜೆ ಅತ್ತೆ ಕೇಳಿದ್ದು, "ಈ ಫ್ಯಾನು ಯಾವಾಗಿನಿಂದ ಹೀಗೆ ಸದ್ದು ಮಾಡ್ತಿದೆಯೇ?" ಅವರು ಕೇಳಿಸಿಕೊಂಡ ಮೂರೂ ಪದ ಅವರಿಗೆ ಸರಿಯಾಗೇ ನೆನಪಿತ್ತು, ನನ್ನ ಪದಗಳೇ ಅವರಿಗೆ ತಲುಪಿರಲಿಲ್ಲ.

ಕಿವಿ ಮಷೀನು ಹಾಕಿದರೆ ಮರೆವಿನ ಕಾಯಿಲೆ ತಡೆಯಬಹುದೇ ಅಂತ ಅಮೆರಿಕದಲ್ಲಿ 977 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷೆ ನಡೆಯಿತು. 2023ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸವಿಲ್ಲ. ಬಿಪಿ, ಶುಗರ್‌ನಂಥ ತೊಂದರೆ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಬುದ್ಧಿಯ ಇಳಿತ ಶೇ 48ರಷ್ಟು ನಿಧಾನವಾಗಿತ್ತು. ಒಂದೇ ಪರೀಕ್ಷೆ, ಅದೂ ಒಂದು ಗುಂಪಿನ ಲೆಕ್ಕ, ಹಾಗಾಗಿ ಕುಣಿದಾಡುವುದು ಬೇಡ. ಆದರೂ ಕಿವಿ ಮಷೀನಿಂದ ಮಿದುಳು ಊದಿಕೊಳ್ಳುವುದಿಲ್ಲವಲ್ಲ.

ಇದೆಲ್ಲ ನೋಡಿದ ಮೇಲೂ ಮರೆವು ಹಾಗೇ ಇದ್ದರೆ ನರರೋಗ ತಜ್ಞರಿಗೆ ತೋರಿಸು. ಅಣ್ಣನ ಇಂಜೆಕ್ಷನ್ ಬಗ್ಗೆ ಆಗ ಮಾತಾಡಬಹುದು. ಇನ್ನು ನಿನ್ನ ಕೊನೆಯ ಸಾಲು, ನಿನಗೂ ತಲೆ ಕೆಟ್ಟ ಹಾಗಾಗಿದೆ ಅಂದದ್ದು. 14416ಕ್ಕೆ ಫೋನ್ ಮಾಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಮ್ಮನಿಗೋಸ್ಕರ ಅಲ್ಲ, ನಿನಗೋಸ್ಕರ.

ಪ್ರಶ್ನೆ: ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷ್. ಇಷ್ಟೆಲ್ಲ ತಲೆಯಲ್ಲಿ ಕಲಸಿಕೊಂಡು ಮುಂದೆ ಮರೆವು ಜಾಸ್ತಿಯಾಗುತ್ತಾ?
– ನಿವೃತ್ತ ಬ್ಯಾಂಕ್ ನೌಕರ, ಬಂಟ್ವಾಳ

ಉತ್ತರ: ಉಲ್ಟಾ ಸರ್. ಡಾ. ಸುವರ್ಣ ಅಲ್ಲಾಡಿ, ಈಗ ನಮ್ಮ ನಿಮ್ಹಾನ್ಸ್‌ನಲ್ಲಿದ್ದಾರೆ, ಹೈದರಾಬಾದಿನಲ್ಲಿದ್ದಾಗ ತಮ್ಮ ತಂಡದ ಜೊತೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಬಂದ 648 ಜನರನ್ನು ನೋಡಿದರು. ಎರಡು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಓದುಬರಹ ಇಲ್ಲದವರಲ್ಲೂ ಹೀಗೇ ಇತ್ತು, ಅದೇ ನನಗೆ ತುಂಬ ಹಿಡಿಸಿದ್ದು. ಓದಿದವರ ಲಾಭವನ್ನು ಭಾಷೆಯ ಲೆಕ್ಕಕ್ಕೆ ಬರೆದುಕೊಂಡರು ಅಂತ ಯಾರೂ ಮೂಗು ಮುರಿಯುವ ಹಾಗಿಲ್ಲ. ಆದರೆ ಎರಡಕ್ಕಿಂತ ಜಾಸ್ತಿ ಭಾಷೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ ಮೂರನೆಯ, ನಾಲ್ಕನೆಯ ಭಾಷೆಗೆ ಬಡ್ಡಿ ಇಲ್ಲ.

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ನನಗೆ 58. ಬೆಂಗಳೂರಿನವರು ಬಂದು ರಕ್ತ ತಗೋತೀವಿ, ತಲೆ ಸ್ಕ್ಯಾನ್ ಮಾಡ್ತೀವಿ ಅಂತಾರೆ. ನನಗೇನೂ ಕಾಯಿಲೆ ಇಲ್ಲ. ಹೋಗಬೇಕಾ?
– ಒಬ್ಬ ರೈತ

ಉತ್ತರ: ಕಾಯಿಲೆ ಇಲ್ಲ ಅಂತಲೇ ನಿಮ್ಮನ್ನು ಕರೆದಿರೋದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಿಮ್ಮ ತಾಲ್ಲೂಕಿನಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕೆಂದು ಹೊರಟಿದ್ದಾರೆ. ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರುವುದಿಲ್ಲ, ಯಾಕೆ ಅಂತ. ಇಲ್ಲಿಯವರೆಗಿನ ಲೆಕ್ಕವೆಲ್ಲ ಹೆಚ್ಚುಪಾಲು ಶ್ರೀಮಂತ ದೇಶದ ಬಿಳಿಯರದ್ದು. ರಾಗಿಮುದ್ದೆ ತಿಂದು ಹೊಲದಲ್ಲಿ ಬೆವರು ಸುರಿಸಿದವರ ಮಿದುಳು ಹೇಗೆ ಮುಪ್ಪಾಗುತ್ತದೆ ಅಂತ ಯಾರು ನೋಡಿದ್ದಾರೆ? ಬಂದವರು ಅವರೇ ಹೌದಾ ಅಂತ ಗುರುತಿನ ಚೀಟಿ ಕೇಳಿ. ಸಹಿ ಹಾಕುವ ಕಾಗದವನ್ನು ಮಗನ ಹತ್ತಿರ ಓದಿಸಿ. ಇಷ್ಟವಿಲ್ಲದಿದ್ದರೆ ಬೇಡ ಅನ್ನಿ, ಯಾರೂ ಬಲವಂತ ಮಾಡುವಂತಿಲ್ಲ. ಹೋಗುವುದಾದರೆ ಕನ್ನಡಕ ಹಾಕಿಕೊಂಡು ಹೋಗಿ. ಅವರ ಮಾತು ಸರಿಯಾಗಿ ಕೇಳಿಸದಿದ್ದರೆ ಸುಮ್ನೆ ತಲೆಯಾಡಿಸಬೇಡಿ, ಇನ್ನೊಂದು ಸಲ ಹೇಳಿ ಅನ್ನಿ.